ಸ್ಟಾರ್ ಬೇಡ, ಮೊದಲು ಸಂಬಳದ ಭಾರ ಇಳಿಸಿ

ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ವಿಡಿಯೋ ಗೇಮ್‌ನ ಫ್ರಾಂಚೈಸ್ ಮೋಡ್‌ನಲ್ಲಿ, ಅಂದರೆ ತಂಡವನ್ನು ನಾವೇ ನಡೆಸುವ ಆಟದಲ್ಲಿ, ನಿಮ್ಮ ತಂಡ ಮೂರು ಸೀಸನ್‌ನಿಂದ ತಳದಲ್ಲಿದೆ, ಸ್ಟಾರ್ ಆಟಗಾರನನ್ನು ತರಬೇಕೇ ಅಂತ ಕೇಳಿದ್ದೀರಿ. ಕಾರಣ ಸ್ಟಾರ್ ಇಲ್ಲದ್ದಲ್ಲ. ಮೂವತ್ತು ದಾಟಿದವರ ಉದ್ದದ ಒಪ್ಪಂದಗಳು ಸಂಬಳದ ಮಿತಿಯನ್ನೆಲ್ಲ (ತಂಡ ಒಟ್ಟು ಕೊಡಬಹುದಾದ ಸಂಬಳ) ನುಂಗಿವೆ ಅನಿಸುತ್ತೆ. ನನ್ನ ತಂಡವೂ ಹೀಗೇ ಸಿಕ್ಕಿಬಿದ್ದಿತ್ತು.

ಮೊದಲು ಅವರನ್ನು ಟ್ರೇಡ್ ಗಡುವಿನೊಳಗೆ (ಸೀಸನ್‌ನಲ್ಲಿ ಆಟಗಾರರ ವಿನಿಮಯಕ್ಕಿರುವ ಕೊನೆಯ ದಿನ) ಬೇರೆ ತಂಡಗಳಿಗೆ ಬಿಟ್ಟುಕೊಡಿ. ಸಂಬಳದಲ್ಲಿ ಅರ್ಧದವರೆಗೆ ನೀವೇ ಹೊತ್ತುಕೊಳ್ಳಬಹುದು, ಆಗ ಬದಲಿಗೆ ಡ್ರಾಫ್ಟ್ ಪಿಕ್ (ಹೊಸ ಯುವ ಆಟಗಾರರನ್ನು ಸರದಿಯಲ್ಲಿ ಆರಿಸುವ ಅವಕಾಶ) ಜಾಸ್ತಿ ಸಿಗುತ್ತವೆ. ನಿಜವಾದ ಲೀಗ್‌ನಲ್ಲೂ ಸ್ಯಾನ್ ಹೋಸೆ ಶಾರ್ಕ್ಸ್ ತಂಡ ತನ್ನ ದುಬಾರಿ ಆಟಗಾರರಾದ ಕಾರ್ಲ್‌ಸನ್, ಹರ್ಟಲ್ ಇಬ್ಬರನ್ನೂ ಬಿಟ್ಟುಕೊಟ್ಟು, 2023–24ರಲ್ಲಿ ಕೊನೆಗೆ ಬಿದ್ದು, 2024ರ ಮೊದಲ ಪಿಕ್‌ನಲ್ಲಿ ಯುವ ಆಟಗಾರ ಸೆಲೆಬ್ರಿನಿಯನ್ನು ಪಡೆಯಿತು. ಆದರೆ ಮೊದಲ ಪಿಕ್ ಯಾರಿಗೆಂದು ನಿರ್ಧರಿಸುವ ಲಾಟರಿಯನ್ನೇ ನಂಬಿ ಕೂರಬೇಡಿ, ಕೊನೆಯ ತಂಡಕ್ಕೂ ಮೊದಲ ಪಿಕ್ ಸಾಧ್ಯತೆ 25.5% ಅಷ್ಟೇ.

ಪಿಕ್‌ಗಳಲ್ಲಿ ಮೊದಲು ಸೆಂಟರ್ (ಮಧ್ಯದಲ್ಲಿ ಆಡುವ ಮುಂಚೂಣಿ ಆಟಗಾರ), ಆಮೇಲೆ ಡಿಫೆನ್ಸ್ ಆಟಗಾರರನ್ನು ಆರಿಸಿ. ಗೋಲ್‌ಕೀಪರ್‌ಗಳು ಪಳಗುವುದು ತಡ, ಕೊನೆಗೆ ನೋಡಿ. ಹುಡುಗರ ಜೊತೆ ಇಬ್ಬರು ಹಿರಿಯರಿರಲಿ, ಒಂದೊಂದು ವರ್ಷದ ಒಪ್ಪಂದಕ್ಕೆ ಮಾತ್ರ.