ಟೆಸ್ಟಲ್ಲಿ ಫುಲ್ ಮಾರ್ಕ್ಸ್, 0.4 ದೊಡ್ಡದಾ 0.35 ದೊಡ್ಡದಾ ಅಂದ್ರೆ ತಪ್ಪು ಉತ್ತರ

ದಶಮಾಂಶದ ಟೆಸ್ಟಲ್ಲಿ ಫುಲ್ ಮಾರ್ಕ್ಸ್ ತಗೊಂಡ ನಿಮ್ಮ ಕ್ಲಾಸಿನ ಮಕ್ಕಳೇ 0.4 ಮತ್ತು 0.35ರಲ್ಲಿ ಯಾವ್ದು ದೊಡ್ಡದು ಅಂದ್ರೆ ತಪ್ಪು ಹೇಳ್ತಿದ್ರೆ, ಬಹುಶಃ ನಿಮ್ಮ ಟೆಸ್ಟಲ್ಲಿ ಬಿಂದು ಆದ್ಮೇಲೆ ಎಲ್ಲಾ ಸಂಖ್ಯೆಗೂ ಎರಡೇ ಅಂಕಿ ಇದ್ದಿರ್ಬೇಕು. 0.35, 0.42 ಅಂತ ಕೊಟ್ರೆ 35, 42 ಅಂತ ಓದ್ಕೊಂಡ್ರೂ ಉತ್ತರ ಸರಿಯಾಗೇ ಬರುತ್ತೆ, ಆರನೇ ಕ್ಲಾಸಿನ ಮಕ್ಕಳು ಅರ್ಥ ಆಗದೇನೇ ಮಾರ್ಕ್ಸ್ ತಗೊಂಡ್ಬಿಡ್ತಾರೆ.

ಮೊದ್ಲು ಹಳೇ ಪೇಪರ್ ತೆಗೆದು ಹಾಗೇ ಇದ್ಯಾ ನೋಡಿ. ಆಮೇಲೆ 0.4, 0.35, 0.125 ಬೋರ್ಡ್ ಮೇಲೆ ಬರೆದು ಚಿಕ್ಕದ್ರಿಂದ ದೊಡ್ಡದಕ್ಕೆ ಜೋಡ್ಸಿ ಅನ್ನಿ, ಸ್ಲೇಟಲ್ಲೋ ರಫ್ ಹಾಳೇಲೋ ಬರೆದು ಎಲ್ರೂ ಒಟ್ಟಿಗೇ ಎತ್ತಿ ತೋರಿಸ್ಬೇಕು, ಒಬ್ಬೊಬ್ರನ್ನೇ ಕೇಳಿದ್ರೆ ಮುಂದಿನ ಬೆಂಚಿನವರು ಹೇಳಿದ್ದನ್ನೇ ಉಳಿದವ್ರೂ ಹೇಳ್ತಾರೆ. ಬೋರ್ಡಲ್ಲಿದ್ದ ಕ್ರಮದಲ್ಲೇ ಇಳಿಸಿದವ್ರು 4, 35, 125 ಅಂತ ಓದಿದಾರೆ, ಇಲ್ಲಾ ಸುಮ್ನೆ ನಕಲು ಮಾಡಿದಾರೆ.

ಸರಿ ಬರೆದವರನ್ನೂ ಈಗ್ಲೇ ನಂಬ್ಬೇಡಿ. 'ಅಂಕಿ ಜಾಸ್ತಿ ಇದ್ರೆ ಸಂಖ್ಯೆ ಚಿಕ್ಕದು' ಅಂದ್ಕೊಂಡಿರೋರಿಗೂ ಇದೇ ಕ್ರಮ ಬರುತ್ತೆ! ಅದಕ್ಕೇ ಮುಂದಿನ ಪ್ರಶ್ನೆ 0.3 ಮತ್ತು 0.47 ಇರ್ಲಿ, ಇಲ್ಲಿ 0.3 ದೊಡ್ಡದು ಅಂದವ್ರು ಆ ಗುಂಪಿನವ್ರು.

ಎರಡರಲ್ಲೂ ಪಾಸಾದವ್ರಿಗೆ 100 ಚೌಕದ ಹಾಳೆ ಕೊಟ್ಟು, ಇಡೀ ಹಾಳೆ 1 ಅಂದ್ಕೊಂಡು 0.4 ಭಾಗ ಬಣ್ಣ ಹಚ್ಚೋಕೆ ಹೇಳಿ, ನಾಲ್ಕೇ ಚೌಕ ಹಚ್ಚಿದ್ರೆ ಹತ್ತನೇ ಒಂದು ಭಾಗ ಅಂದ್ರೇನು ಅನ್ನೋದೇ ಗೊತ್ತಿಲ್ಲ ಅಂತ. ರೂಪಾಯಿ ಪೈಸೆ ಉದಾಹರಣೆ ಸದ್ಯಕ್ಕೆ ಬೇಡ, 0.4ನ ನಾಲ್ಕು ಪೈಸೆ ಮಾಡ್ಬಿಡ್ತಾರೆ.

ಎಲ್ರಿಗೂ ಮತ್ತೆ ಪಾಠ ಮಾಡೋದು ಬೇಡ, ಎಲ್ಲಿ ಎಡವಿದ್ರೋ ಆ ಪ್ರಕಾರ ಗುಂಪು ಮಾಡಿ ಅದೇ ಥರದ ಚೌಕದ ಹಾಳೇಲಿ 0.4ಕ್ಕೆ 40 ಚೌಕ, ಅದರ ಪಕ್ಕ ಇನ್ನೊಂದು ಹಾಳೇಲಿ 0.35ಕ್ಕೆ 35 ಚೌಕ ಹಚ್ಚಿಸಿ. ಒಂದು ವಾರ ಬಿಟ್ಟು 0.6, 0.58 ಥರ ಬೇರೆ ಸಂಖ್ಯೆ ಹಾಕಿ, ಮುಂಚೆ ಹೇಳದೇ ಕೇಳಿ.