ಅಂಡರ್-15ಕ್ಕೆ ಒಂದು ದೇಶದ ಜೆರ್ಸಿ ಹಾಕಿದ ಹುಡುಗ ಮುಂದೆ ಇನ್ನೊಂದು ದೇಶಕ್ಕೆ ಆಡಬಹುದಾ?

ನೀವು ಕೇಳಿದ್ದು ಇಷ್ಟು: ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಇನ್ನೊಂದು ಪೌರತ್ವ ಇರುವ 14 ವರ್ಷದ ಹುಡುಗ ಒಂದು ದೇಶದ ಅಂಡರ್-15 ತಂಡಕ್ಕೆ ಆಡಿಬಿಟ್ಟರೆ ಇನ್ನೊಂದು ದೇಶದ ಆಸೆ ಬಿಡಬೇಕಾ? ಅಷ್ಟು ಚಿಕ್ಕವನ ಕೈಯಲ್ಲಿ ಇಂಥ ನಿರ್ಧಾರ ಮಾಡಿಸುವುದು ಸರಿಯಾ?

ಆಸೆ ಬಿಡಬೇಕಾಗಿಲ್ಲ. ಆ ವಯಸ್ಸಿನಲ್ಲಿ ಅವನು ಯಾವ ನಿರ್ಧಾರವನ್ನೂ ಮಾಡುತ್ತಿರುವುದಿಲ್ಲ. ಆತುರ ಇರುವುದು ಫುಟ್‌ಬಾಲ್ ಸಂಸ್ಥೆಗಳಿಗೆ, ಮತ್ತೆ ಅಪ್ಪಂದಿರಿಗೆ.

ನಾನು ಜರ್ಮನಿಯಲ್ಲಿದ್ದೇನೆ. ಮಗ ಊರಿನ ಕ್ಲಬ್ಬಿನಲ್ಲಿ ಆಡುತ್ತಾನೆ. ಅವನ ತಂಡದಲ್ಲಿ ಟರ್ಕಿ, ಪೋಲೆಂಡ್, ಕ್ರೊಯೇಷಿಯಾ ಮೂಲದ ಮನೆಗಳ ಹುಡುಗರೇ ಜಾಸ್ತಿ. ಶನಿವಾರ ಮ್ಯಾಚ್ ನಡೆಯುವಾಗ ಗೆರೆಯಾಚೆ ಕಾಫಿ ಹಿಡಿದು ನಿಂತ ಅಪ್ಪಂದಿರ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಇಲ್ಲಿಗೇ ಬರುತ್ತದೆ: ನಮ್ಮ ಹುಡುಗ ಯಾವ ದೇಶಕ್ಕೆ ಆಡಬೇಕು? ಹುಡುಗನಿಗೆ ಎಡಗಾಲಲ್ಲಿ ಚೆಂಡು ನಿಲ್ಲಿಸುವುದೇ ಇನ್ನೂ ಬಂದಿರುವುದಿಲ್ಲ, ಅದು ಬೇರೆ ಮಾತು.

ಮೊದಲು ನಿಯಮ ನೋಡೋಣ. ಫಿಫಾ ಲೆಕ್ಕದಲ್ಲಿ ಸ್ನೇಹಪಂದ್ಯ ಯಾರನ್ನೂ ಕಟ್ಟಿಹಾಕುವುದಿಲ್ಲ, ಅದು ಸೀನಿಯರ್ ತಂಡದ್ದಾಗಿದ್ದರೂ ಅಷ್ಟೇ. ಡೆಕ್ಲನ್ ರೈಸ್ 2018ರಲ್ಲಿ ಐರ್ಲೆಂಡ್ ಸೀನಿಯರ್ ತಂಡಕ್ಕೆ 3 ಸ್ನೇಹಪಂದ್ಯ ಆಡಿ, ಮರುವರ್ಷ ಇಂಗ್ಲೆಂಡ್ ಜೆರ್ಸಿ ಹಾಕಿದರು. ಐರ್ಲೆಂಡಿನವರಿಗೆ ಎಷ್ಟು ಉರಿದಿರಬೇಡ! ಯುರೋಪಿನಲ್ಲಂತೂ ಹುಡುಗರ ಯೂರೊ, ಅಂದರೆ ಯುರೋಪಿನ ದೇಶಗಳ ಚಾಂಪಿಯನ್‌ಶಿಪ್, ಶುರುವಾಗುವುದೇ ಅಂಡರ್-17ರಿಂದ. ಅಂಡರ್-15, ಅಂಡರ್-16 ಅಂದರೆ ಹೆಚ್ಚಾಗಿ ಕ್ಯಾಂಪು, ಸ್ನೇಹಪಂದ್ಯ. ಹಾಗಾಗಿ ನೀವು ಹೇಳಿದ ಹುಡುಗನ ಜೆರ್ಸಿ ಮನೆಯಲ್ಲಿ ಫ್ರೇಮ್ ಹಾಕಿಸಿ ಇಡುವುದಕ್ಕೆ ಚೆನ್ನಾಗಿರುತ್ತದೆ, ಅಷ್ಟೇ.

ಜಮಾಲ್ ಮುಸಿಯಾಲನ ಕಥೆ ತೆಗೆದುಕೊಳ್ಳಿ. ಹುಟ್ಟಿದ್ದು 2003ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. 7ನೇ ವಯಸ್ಸಿಗೆ ಇಂಗ್ಲೆಂಡಿಗೆ ಹೋಗಿ ಚೆಲ್ಸಿ ಅಕಾಡೆಮಿಯಲ್ಲಿ ಬೆಳೆದ. ಇಂಗ್ಲೆಂಡಿನ ಅಂಡರ್-15, ಅಂಡರ್-16 ತಂಡಗಳಲ್ಲಿ ಆಡಿದ. 2018ರಲ್ಲಿ ನಡುವೆ ಜರ್ಮನಿಯ ಅಂಡರ್-16ಕ್ಕೂ 2 ಮ್ಯಾಚ್ ಆಡಿ, ಮತ್ತೆ ಇಂಗ್ಲೆಂಡ್ ಕಡೆಗೇ ಮರಳಿದ. 2019ರಲ್ಲಿ ಜರ್ಮನಿಯ ಬಾಯರ್ನ್ ಮ್ಯೂನಿಕ್ ಕ್ಲಬ್ ಸೇರಿದ. 2020ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಅಂಡರ್-21 ತಂಡಕ್ಕೆ ಆಡಿದವನು 2021ರ ಮಾರ್ಚ್‌ನಲ್ಲಿ ಜರ್ಮನಿಯ ಸೀನಿಯರ್ ತಂಡದಲ್ಲಿ ಇಳಿದ! ಇಷ್ಟು ಸಲ ಆಚೆ ಈಚೆ ಓಡಾಡಿದರೂ ನಿಯಮದಲ್ಲಿ ಎಲ್ಲೂ ತಡೆ ಆಗಲಿಲ್ಲ.

ಹಾಗಾದರೆ ಬಾಗಿಲು ಮುಚ್ಚುವುದು ಯಾವಾಗ? ಸೀನಿಯರ್ ತಂಡದ ಅಧಿಕೃತ ಪಂದ್ಯದಲ್ಲಿ, ಅಂದರೆ ಸ್ನೇಹಪಂದ್ಯ ಅಲ್ಲದ, ಟೂರ್ನಿಯ ಅಥವಾ ಅದರ ಅರ್ಹತಾ ಸುತ್ತಿನ ಪಂದ್ಯದಲ್ಲಿ. ಮುನೀರ್ ಎಲ್ ಹದ್ದಾದಿ ಅನುಭವಿಸಿದ್ದು ಇದನ್ನೇ. ಹುಟ್ಟಿದ್ದು ಸ್ಪೇನ್‌ನಲ್ಲಿ, ಮೂಲ ಮೊರೊಕ್ಕೊ. 2014ರ ಸೆಪ್ಟೆಂಬರ್‌ನಲ್ಲಿ, 19ನೇ ವಯಸ್ಸಿಗೆ, ಮ್ಯಾಸಿಡೋನಿಯಾ ವಿರುದ್ಧದ ಯೂರೊ ಅರ್ಹತಾ ಪಂದ್ಯದ ಕೊನೆಯಲ್ಲಿ ಸ್ಪೇನ್ ಕೋಚ್ ಅವನನ್ನು ಇಳಿಸಿದರು. ಆಡಿದ್ದು ಕಾಲು ಗಂಟೆಯೂ ಇಲ್ಲ. ಆಮೇಲೆ ಸ್ಪೇನ್ ಸೀನಿಯರ್ ತಂಡ ಅವನನ್ನು ಮತ್ತೆ ಆಡಿಸಲೇ ಇಲ್ಲ. 2018ರ ವಿಶ್ವಕಪ್‌ಗೆ ಮೊರೊಕ್ಕೊ ಪರ ಆಡಲು ಕ್ರೀಡಾ ನ್ಯಾಯಮಂಡಳಿಯವರೆಗೂ ಹೋದ, ಆಗಲ್ಲ ಅಂದರು. 2020ರಲ್ಲಿ ಫಿಫಾ ನಿಯಮ ಸಡಿಲಿಸಿದ ಮೇಲಷ್ಟೇ ದಾರಿ ಸಿಕ್ಕಿತು. 2021ರಲ್ಲಿ ಕೊನೆಗೂ ಮೊರೊಕ್ಕೊಗೆ ಆಡಿದ.

ಈಗಿನ ನಿಯಮದಂತೆ, 21 ತುಂಬುವುದಕ್ಕೆ ಮುಂಚೆ ಸೀನಿಯರ್ ತಂಡಕ್ಕೆ 3 ಪಂದ್ಯದವರೆಗೆ ಆಡಿದ್ದರೂ, ಕೊನೆಯ ಪಂದ್ಯ ಆಗಿ 3 ವರ್ಷ ಕಳೆದ ಮೇಲೆ ದೇಶ ಬದಲಿಸಬಹುದು. ಆದರೆ ವಿಶ್ವಕಪ್ ಅಥವಾ ಯೂರೊದಂಥ ಟೂರ್ನಿಯ ಮುಖ್ಯ ಹಂತದಲ್ಲಿ ಆಡಿರಬಾರದು. ಅಧಿಕೃತ ಪಂದ್ಯ ಆಡಿದ ಮೇಲೆ ಬದಲಾವಣೆ ಒಂದೇ ಸಲ. ಲಮೀನ್ ಯಮಾಲ್‌ನನ್ನು ಸ್ಪೇನ್ 16ಕ್ಕೇ, 2023ರಲ್ಲಿ ಜಾರ್ಜಿಯಾ ವಿರುದ್ಧ ಆಡಿಸಿತಲ್ಲ, ಅದು ಬರೀ ಪ್ರತಿಭೆ ನೋಡಿ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ. ಅಪ್ಪನ ಕಡೆಯ ಮೊರೊಕ್ಕೊ ಕಾಯುತ್ತಾ ಕೂತಿತ್ತು. 2024ರ ಯೂರೊದಲ್ಲಿ ಆಡಿದ ಮೇಲೆ ಆ ವಿಷಯ ಮುಗಿಯಿತು.

ಇದೆಲ್ಲದರ ನಡುವೆ ಜನ ಮರೆಯುವುದು ಪಾಸ್‌ಪೋರ್ಟ್ ಕೈಗೆ ಬಂದ ತಾರೀಖು. ಮೊದಲ ಅಧಿಕೃತ ಯೂತ್ ಪಂದ್ಯ ಆಡಿದ ದಿನ ಎರಡನೇ ದೇಶದ ಪೌರತ್ವವೂ ಇದ್ದರೆ ಮುಂದೆ ಬದಲಾಗಲು ವಯಸ್ಸಿನ ಮಿತಿ ಇಲ್ಲ. ಆ ದಿನ ಇಲ್ಲದಿದ್ದರೆ, ಮೊದಲ ದೇಶಕ್ಕೆ ಆಡಿದ ಕೊನೆಯ ಅಧಿಕೃತ ಪಂದ್ಯ 21ರ ಒಳಗೇ ಆಗಿರಬೇಕು. ಮೇಲೆ ಹೇಳಿದ 3 ಪಂದ್ಯದ ರಿಯಾಯಿತಿ ಸಿಗಬೇಕಾದರೂ ಮೊದಲ ದಿನವೇ ಎರಡನೇ ಪೌರತ್ವ ಇರಲೇಬೇಕು. ಅಜ್ಜಿ ಹುಟ್ಟಿದ ದೇಶ, ಆಮೇಲೆ ಅರ್ಜಿ ಹಾಕಿದರಾಯಿತು ಅಂತ ಸುಮ್ನೆ ಕೂರುವ ಮನೆಗಳೇ ಜಾಸ್ತಿ. ತಂಡದ ಕ್ಯಾಂಪಿಗೆ ಕರೆದ ಪತ್ರಕ್ಕೆ ಉತ್ತರ ಬರೆಯುವ ಮುಂಚೆ ಆ ಕಾಗದಪತ್ರ ಮಾಡಿಸಿ. ಪತ್ರ ಬಂದಾಗ ಒಂದು ಪ್ರಶ್ನೆಯನ್ನೂ ಕೇಳಿ: ಇದು ಕ್ಯಾಂಪಾ, ಸ್ನೇಹಪಂದ್ಯವಾ, ಅಧಿಕೃತ ಟೂರ್ನಿಯಾ?

ಸರಿಯಾ ತಪ್ಪಾ ಅಂತ ಕೇಳಿದಿರಿ. ನನಗೆ ಬೇಜಾರಾಗುವುದು ಎರಡು ದೇಶಗಳ ಎಳೆದಾಟ ನೋಡಿ ಅಲ್ಲ, ಈ ವಯಸ್ಸಿನ ಆಯ್ಕೆಯ ರೀತಿ ನೋಡಿ. ಅಂಡರ್-15ರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ, ಬೇಗ ಮೀಸೆ ಮೂಡಿದ ಹುಡುಗರೇ ಹೆಚ್ಚು ಆಯ್ಕೆಯಾಗುತ್ತಾರೆ. ನವೆಂಬರ್‌ನಲ್ಲಿ ಹುಟ್ಟಿದ ಸಣಕಲು ಹುಡುಗ ಹಿಂದೆ ಉಳಿಯುತ್ತಾನೆ. ಬೆಲ್ಜಿಯಂ ಇಂಥ ತಡವಾಗಿ ಬೆಳೆಯುವ ಹುಡುಗರಿಗೆಂದೇ ಬೇರೆ ತಂಡ ಇಟ್ಟುಕೊಂಡಿದೆ. ಅಂಥ ಏರ್ಪಾಡು ಇಲ್ಲದ ಕಡೆ ಅವನಿಗೆ ಎರಡನೇ ದೇಶವೇ ಎರಡನೇ ಅವಕಾಶ. ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ ಹುಟ್ಟಿ ಬಾಯರ್ನ್ ಅಕಾಡೆಮಿಯಲ್ಲಿ ಬೆಳೆದ ಕೆನನ್ ಯಿಲ್ದಿಜ್ ಟರ್ಕಿಯನ್ನು ಆರಿಸಿಕೊಂಡ. 2023ರ ನವೆಂಬರ್‌ನಲ್ಲಿ ಬರ್ಲಿನ್‌ನಲ್ಲೇ ಜರ್ಮನಿ ವಿರುದ್ಧ ಗೋಲು ಹೊಡೆದ. ಟರ್ಕಿ 3-2ರಿಂದ ಗೆದ್ದಿತು. ಮರುದಿನ ನಮ್ಮ ಬೀದಿಯ ಕಬಾಬ್ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ.

ಇನ್ನು ನಮ್ಮವರ ಮಕ್ಕಳ ವಿಷಯ. ಇಲ್ಲಿ ಹುಟ್ಟಿದ ಕನ್ನಡದ ಹುಡುಗನಿಗೆ ಈ ಆಟ ಹೀಗೆ ನಡೆಯುವುದಿಲ್ಲ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಬೇರೆ ದೇಶದ ಪೌರತ್ವ ಇರುವ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೆ ಊರಿಗೆ ಹೋಗಿ ಬರಬಹುದು, ಭಾರತ ತಂಡಕ್ಕೆ ಆಡುವ ಹಾಗಿಲ್ಲ. ಇಂಗ್ಲೆಂಡ್ ಯೂತ್ ತಂಡಗಳಿಗೆ ಆಡಿದ್ದ ಭಾರತ ಮೂಲದ ಯಾನ್ ಧಾಂಡಾಗೆ ಭಾರತಕ್ಕೆ ಆಡಲು ಅಡ್ಡ ಬಂದದ್ದು ಇದೇ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಭಾರತದ ಪಾಸ್‌ಪೋರ್ಟ್ ಪಡೆಯಲು ಆಸ್ಟ್ರೇಲಿಯಾದ್ದನ್ನು ಬಿಡಬೇಕಾಯಿತು. 30 ದಾಟಿದವರು, ತಾವೇ ಯೋಚಿಸಿ ಬಿಟ್ಟರು. 14ರ ಹುಡುಗನ ಪರವಾಗಿ ಅದನ್ನು ಅಪ್ಪ ಅಮ್ಮ ಮಾಡುವುದು ನನಗಂತೂ ಒಪ್ಪಿಗೆ ಇಲ್ಲ. 18 ತುಂಬಲಿ, ಬೇಕಿದ್ದರೆ ಅವನೇ ಅರ್ಜಿ ಹಾಕಲಿ.