ಪೆಟ್ರೋಲ್ ಎಂಜಿನ್ನಿಗೆ ಮನೆಯಲ್ಲೇ ಕಟ್ಟಿದ ಇಗ್ನಿಷನ್‌ಗೆ (ಸ್ಪಾರ್ಕ್ ಕೊಡುವ ವ್ಯವಸ್ಥೆಗೆ) ಒಂದು ಕಿಲ್ ಸ್ವಿಚ್ (ಎಂಜಿನ್ ನಿಲ್ಲಿಸುವ ಸ್ವಿಚ್) ಇದ್ದರೆ ಸಾಕೇ?

ಸಾಕಾಗುವುದಿಲ್ಲ. ನಿಮ್ಮದು ಮ್ಯಾಗ್ನೆಟೋನಾ (ತಿರುಗುವ ಅಯಸ್ಕಾಂತದಿಂದ ತಾನೇ ವಿದ್ಯುತ್ ಹುಟ್ಟಿಸುವಂಥದ್ದು), ಬ್ಯಾಟರಿಯದಾ ಎಂದು ಮೊದಲು ನೋಡಿಕೊಳ್ಳಿ.

ಬ್ಯಾಟರಿ ಇಗ್ನಿಷನ್‌ನಲ್ಲಿ ಸ್ವಿಚ್ ಸಪ್ಲೈಯನ್ನೇ ಕತ್ತರಿಸುತ್ತದೆ. ಆ ವೈರು ತುಂಡಾದರೂ ಎಂಜಿನ್ ನಿಲ್ಲುತ್ತದೆ. ಮ್ಯಾಗ್ನೆಟೋದಲ್ಲಿ ಇದು ತಿರುವುಮುರುವು: ಸ್ವಿಚ್ ಒತ್ತಿದಾಗ ಪ್ರೈಮರಿ ಕಾಯಿಲ್ ಅರ್ಥ್‌ಗೆ, ಅಂದರೆ ಎಂಜಿನ್ನಿನ ಲೋಹದ ಮೈಗೆ, ಸೇರುತ್ತದೆ, ಸ್ಪಾರ್ಕ್ ಸಾಯುತ್ತದೆ. ಸ್ವಿಚ್ಚಿನ ಆ ಸಪೂರ ವೈರು ಕಂಪನಕ್ಕೆ ಕಳಚಿದರೆ, ಇಲ್ಲವೇ ಅರ್ಥ್ ಬೋಲ್ಟಿನಡಿ ಪೇಂಟ್ ಉಳಿದಿದ್ದರೆ, ನೀವು ಎಷ್ಟು ಒತ್ತಿದರೂ ಎಂಜಿನ್ ಓಡುತ್ತಲೇ ಇರುತ್ತದೆ. ಕೆಟ್ಟಿದೆ ಎಂಬ ಸುಳಿವೂ ಸಿಗದು. ಹಾಗಾಗಿ ಪ್ರತಿ ಸಲ ಐಡಲ್‌ನಲ್ಲಿ ಅದೇ ಸ್ವಿಚ್‌ನಿಂದ ನಿಲ್ಲಿಸಿ ಪರೀಕ್ಷಿಸಿ.

ಸಿಡಿಐ (ಕೆಪಾಸಿಟರ್‌ನಲ್ಲಿ ಕೂಡಿಟ್ಟ ವಿದ್ಯುತ್ತಿನಿಂದ ಸ್ಪಾರ್ಕ್ ಕೊಡುವ ಇಗ್ನಿಷನ್) ಆದರೆ ಇನ್ನೊಂದು ತಲೆನೋವು. ಎಂಜಿನ್ ನಿಂತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 200–400 ವೋಲ್ಟ್ ಉಳಿದಿರಬಹುದು. ಕಿಲ್ ಸ್ವಿಚ್ ಅದನ್ನು ಖಾಲಿ ಮಾಡುತ್ತದೆಂಬ ಭರವಸೆ ಬೇಡ. 1 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ ಅಡ್ಡಲಾಗಿ, ಅಷ್ಟು ವೋಲ್ಟೇಜ್ ತಡೆಯುವ 1 ಮೆಗಾಓಮ್ ರೆಸಿಸ್ಟರ್ ಹಾಕಿದರೆ ಸುಮಾರು ಐದು ಸೆಕೆಂಡಿನಲ್ಲಿ ಇಳಿಯುತ್ತದೆ. ಆದರೂ ಮೀಟರ್ ಇಟ್ಟು ನೋಡದೆ ಕೈ ಹಾಕಬೇಡಿ. ಪ್ಲಗ್ ವೈರಿನ ನಡುವೆ ಸ್ವಿಚ್ ಹಾಕುವ ಯೋಚನೆಯಂತೂ ಬಿಟ್ಟೇಬಿಡಿ. ಸಾವಿರಾರು ವೋಲ್ಟ್ ಸ್ವಿಚ್ಚನ್ನೂ ದಾಟಿ ನಿಮ್ಮ ಬೆರಳನ್ನು ಹುಡುಕಿಕೊಂಡು ಬರುತ್ತದೆ.

ಸ್ಪಾರ್ಕ್ ನಿಂತರೂ ಕೆಂಪಗೆ ಕಾದ ಕಾರ್ಬನ್ ಪೆಟ್ರೋಲನ್ನು ಹೊತ್ತಿಸಬಲ್ಲದು. ಅದಕ್ಕೇ ಇಂಧನದ ಕಾಕ್ (ಪೆಟ್ರೋಲ್ ನಿಲ್ಲಿಸುವ ನಲ್ಲಿ) ಬೇರೆಯಾಗಿ ಇರಲಿ. ಬ್ಲೇಡಿಗೋ ಬೆಲ್ಟಿಗೋ ಕೈ ಹಾಕುವ ಮೊದಲು ಪ್ಲಗ್ ಕ್ಯಾಪ್ ಕಿತ್ತು ದೂರ ಇಡಿ: ಮ್ಯಾಗ್ನೆಟೋ ಎಂಜಿನ್ ಕೈಯಲ್ಲಿ ತಿರುಗಿಸಿದರೂ ಹೊತ್ತಿಕೊಳ್ಳಬಹುದು.